ಹುಬ್ಬಳ್ಳಿಯೋ ಹೆಬ್ಬಳ್ಳಿಯೋ? ವಾಕಿ-ಟಾಕಿ ಕಲಿಯುವವರಿಗೆ ನನ್ನ ಟಿಪ್ಪಣಿ

ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ, ಅದರ ಪರೀಕ್ಷೆಗೆ ಓದುವಾಗ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಪರೀಕ್ಷೆ ಪಾಸಾಗಿದೆ, ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ. ಅಂದ್ರೆ ನಾನೂ ನಿಮ್ಮ ಹಾಗೇ ಕಲಿಯುವವನು.

ವಾಕಿ-ಟಾಕಿ ಸೆಟ್ ಕೈಗೆ ತೆಗೆದುಕೊಂಡ ಪ್ರತಿಯೊಬ್ಬರೂ ಕೇಳುವ ಮೊದಲ ಪ್ರಶ್ನೆ: "ಇದು ಎಷ್ಟು ಕಿಲೋಮೀಟರ್ ಹೊಡಿತೈತ್ರಿ?" ಡಬ್ಬಿಯ ಮೇಲೆ ಒಂದು ದೊಡ್ಡ ಸಂಖ್ಯೆ ಬರೆದಿರುತ್ತಾರೆ. ಅದನ್ನು ಮರೆತುಬಿಡಿ. ಉತ್ತರ ಇರುವುದು ಸೆಟ್ಟಿನೊಳಗಲ್ಲ, ನೀವು ನಿಂತ ಜಾಗದಲ್ಲಿ.

ಧಾರವಾಡ ಆಕಾಶವಾಣಿಯನ್ನೇ ತಗೊಳ್ಳಿ. ಅದು 765 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ತರಂಗದ ಉದ್ದ ಬೇಕಾದರೆ 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 300 ಭಾಗಿಸು 0.765, ಸುಮಾರು 392 ಮೀಟರ್. ಇಷ್ಟು ಉದ್ದದ ಅಲೆ ನೆಲವನ್ನು ತಬ್ಬಿಕೊಂಡು ಹೋಗುತ್ತದೆ, ಗುಡ್ಡ ಅಡ್ಡ ಬಂದರೂ ಸುತ್ತಿಕೊಂಡು ಆಚೆ ಇಳಿಯುತ್ತದೆ. ಹ್ಯಾಮ್‌ಗಳು ಕೈಯಲ್ಲಿ ಹಿಡಿಯುವ ಸೆಟ್ ಕೆಲಸ ಮಾಡುವುದು 145 ಮೆಗಾಹರ್ಟ್ಸ್ ಆಸುಪಾಸು. ಅಲೆಯ ಉದ್ದ ಬರೀ ಎರಡು ಮೀಟರ್. ಇದು ಹೆಚ್ಚುಕಡಿಮೆ ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಎದುರಿಗಿರುವವನು ಕಂಡರೆ ಕೇಳಿಸುತ್ತದೆ. ನಡುವೆ ಗುಡ್ಡ ಬಂದರೆ ಮುಗಿಯಿತು.

ಹಾಗಾದರೆ ಭೂಮಿಯ ಉಬ್ಬು ಎಲ್ಲಿ ಅಡ್ಡ ಬರುತ್ತದೆ? ಇದಕ್ಕೊಂದು ಸುಲಭ ಲೆಕ್ಕವಿದೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 4.12 ರಿಂದ ಗುಣಿಸಿ. ಅಷ್ಟು ಕಿಲೋಮೀಟರ್ ನಿಮ್ಮ ರೇಡಿಯೋ ಅಂಚು. ನಿಂತವನ ಮುಖದ ಹತ್ತಿರ, ಅಂದರೆ ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಇದ್ದರೆ 5 ಕಿಮೀ. ಎದುರಿನವನದೂ 5 ಕಿಮೀ. ಎರಡೂ ಸೇರಿ 10. ಅದೂ ನವಲಗುಂದದ ಯರಿ ಹೊಲದಂಥ ಬಯಲಲ್ಲಿ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 20 ಕಿಮೀ. ರಸ್ತೆಯಲ್ಲಿ ನಿಂತು ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತಾಡುವ ಆಸೆ ಬಿಡಿ. ಇಬ್ಬರೂ ಹತ್ತು ಮೀಟರ್ ಎತ್ತರದ ಮಾಳಿಗೆ ಹತ್ತಿದರೆ 13 ಮತ್ತು 13, ಒಟ್ಟು 26. ಈಗ ಕಾಗದದ ಮೇಲಾದರೂ ಆಗುತ್ತದೆ, ಅಲ್ವಾ? ನಡುವಿನ ದಿಬ್ಬ, ಕಟ್ಟಡಗಳನ್ನು ಈ ಲೆಕ್ಕ ನೋಡುವುದಿಲ್ಲ, ಅದು ನೆನಪಿರಲಿ.

ಲೆಕ್ಕ ನಂಬದೆ ನಾನು ಮತ್ತು ತಮ್ಮ ಒಂದು ಭಾನುವಾರ ಲೈಸೆನ್ಸ್ ಬೇಡದ ಅರ್ಧ ವ್ಯಾಟಿನ ಜೋಡಿ ಸೆಟ್ ಹಿಡಿದು ಹೊರಟೆವು. ನಾನು ನೃಪತುಂಗ ಬೆಟ್ಟದ ಮೇಲೆ, ಅವನು ಉಣಕಲ್ ಕೆರೆ ದಂಡೆಯಲ್ಲಿ.

"ಕೇಳಸ್ತದೇನೋ?"

"ಛಲೋ ಕೇಳಾಕತ್ತೈತಣ್ಣಾ, ಬಾಜೂಕ ನಿಂತು ಮಾತಾಡಿದಂಗ."

ಆಮೇಲೆ ಅವನು ಗಿರ್ಮಿಟ್ ತಿನ್ನಲು ಒಂದು ಕಾಂಕ್ರೀಟ್ ಕಟ್ಟಡದ ಹಿಂದೆ ಹೋದ. ಬರೀ ಗರಗರ. ದೂರ ಅಷ್ಟೇ ಇತ್ತು, ಬ್ಯಾಟರಿ ಅಷ್ಟೇ ಇತ್ತು, ಗೋಡೆ ಒಂದು ಜಾಸ್ತಿಯಾಗಿತ್ತು. ಇನ್ನೊಂದು ತಪ್ಪು ನನ್ನದೇ. ಕೈ ಸೋತು ಸೆಟ್ಟನ್ನು ಮೊಬೈಲಿನ ಹಾಗೆ ಅಡ್ಡ ಮಲಗಿಸಿ ಹಿಡಿದಿದ್ದೆ. ಅವನದು ನೆಟ್ಟಗಿತ್ತು. ಒಂದು ಆಂಟೆನಾ ನಿಂತು ಇನ್ನೊಂದು ಮಲಗಿದರೆ ಸಿಗ್ನಲ್ ಬಹಳ ಬೀಳುತ್ತದೆ. ಅಲೆಯ ಈ ನಿಂತ-ಮಲಗಿದ ದಿಕ್ಕಿಗೆ ಪೋಲರೈಸೇಶನ್ ಅನ್ನುತ್ತಾರೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ನನಗೆ ಇದು ತಲೆಗೆ ಹೋಗಿದ್ದು ಬೆಟ್ಟದ ಮೇಲೆ, ಪುಸ್ತಕದಲ್ಲಲ್ಲ.

ವ್ಯಾಟ್ ಹುಚ್ಚು ಬೇಡ. ಪವರ್ ಎರಡರಷ್ಟಾದರೆ 3 ಡೆಸಿಬಲ್ ಹೆಚ್ಚುತ್ತದೆ. ಬರುವ ಸಿಗ್ನಲ್ಲಿನ ಬಲ ತೋರಿಸುವ ಮೀಟರಿನ ಒಂದು ಗೆರೆ, ಅಂದರೆ ಒಂದು ಎಸ್-ಯೂನಿಟ್, 6 ಡೆಸಿಬಲ್. ಅಂದರೆ 5 ವ್ಯಾಟಿನ ಸೆಟ್ ಬಿಟ್ಟು 10 ವ್ಯಾಟಿನದು ಕೊಂಡರೆ ಎದುರಿನವನ ಮೀಟರಿನಲ್ಲಿ ಅರ್ಧ ಗೆರೆ ಏರುತ್ತದೆ, ನಿಮ್ಮ ಬ್ಯಾಟರಿ ಬೇಗ ಬರಿದಾಗುತ್ತದೆ. ಆ ದುಡ್ಡನ್ನು ಆಂಟೆನಾಗೆ ಹಾಕಿ. ಸೆಟ್ಟಿನ ಜೊತೆ ಬರುವ ಮೋಟು ರಬ್ಬರ್ ಆಂಟೆನಾ ಜೇಬಿಗೆ ಅನುಕೂಲ, ಅಷ್ಟೇ. ಎರಡು ಮೀಟರ್ ಅಲೆಯ ಕಾಲುಭಾಗ ಸುಮಾರು 50 ಸೆಂಟಿಮೀಟರ್. ಅಷ್ಟುದ್ದದ ಆಂಟೆನಾವನ್ನು ಮಾಳಿಗೆ ಮೇಲೆ ನಿಲ್ಲಿಸಿದರೆ ಅದೇ 5 ವ್ಯಾಟ್ ಬೇರೆಯೇ ಸೆಟ್ ಅನ್ನಿಸುತ್ತದೆ.

ನೇರ ದಾರಿ ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ರೇಡಿಯೋ ಇದೆ. ಅದು ಕೆಳಕ್ಕೆ 145.800 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತದೆ. ನಮಗೆ ಕಲಿಸುವ ಸರ್, ಧಾರವಾಡದ ಹಳೆಯ ಹ್ಯಾಮ್, ತಮ್ಮ ಮಾಳಿಗೆಯ ಮೇಲೆ ಹ್ಯಾಂಡ್‌ಸೆಟ್ ಹಿಡಿದು ಕೇಳಿಸಿದರು. ಸುಮಾರು 400 ಕಿಮೀ ಎತ್ತರದಿಂದ ಬಂದ ದನಿ. ಹತ್ತು ನಿಮಿಷದೊಳಗೆ ಅದು ದಿಗಂತ ದಾಟಿತು, ದನಿ ಅಲ್ಲಿಗೇ ನಿಂತಿತು. "ನೋಡ್ರಿ, ಆಕಾಶದಾಗಿಂದು ಬಂತು, ನವನಗರದ್ದು ಬರಂಗಿಲ್ಲ" ಅಂತ ಸರ್ ನಕ್ಕರು. ನವನಗರ ಇರುವುದು ಇಲ್ಲೇ, ಹುಬ್ಬಳ್ಳಿ-ಧಾರವಾಡದ ನಡುವೆ.

ಈಗ ಕಾನೂನು. ಬೇಸರದ ವಿಷಯ, ಆದರೆ ಸೆಟ್ ಕೊಳ್ಳುವ ಮೊದಲೇ ಓದಬೇಕಾದ್ದು. ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆ ಎಂದ ಮಾತ್ರಕ್ಕೆ ಬಳಸಬಹುದು ಎಂದಲ್ಲ. ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿ-ಟಾಕಿಗಳು 446.0 ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರಿನವು. ಅವುಗಳಿಗೂ ಇಟಿಎ ಎಂಬ ಸರಕಾರಿ ಒಪ್ಪಿಗೆ ಇರಬೇಕು. ಸೆಟ್ ಯಾವ ಫ್ರೀಕ್ವೆನ್ಸಿಯದು, ಇಟಿಎ ಇದೆಯೇ ಎಂದು ಕೇಳಿದರೆ ಅಂಗಡಿಯವರು ತಡವರಿಸಿದರೋ, ಸುಮ್ನೆ ಎದ್ದು ಬನ್ನಿ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತ್ತು.

ಹ್ಯಾಮ್ ಆಗಬೇಕಾದರೆ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬೇಕು. 12 ವರ್ಷ ತುಂಬಿದ ಯಾರೂ ಬರೆಯಬಹುದು. ಮೊದಲ ಮೆಟ್ಟಿಲು ರಿಸ್ಟ್ರಿಕ್ಟೆಡ್ ಗ್ರೇಡ್: ರೇಡಿಯೋ ಸಿದ್ಧಾಂತ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಇಲ್ಲ. ಜನರಲ್ ಗ್ರೇಡಿಗೆ ಮೋರ್ಸ್ ಬೇಕು. ಪ್ರತಿ ಹ್ಯಾಮ್‌ಗೂ ರೇಡಿಯೋದಲ್ಲಿ ಹೇಳಿಕೊಳ್ಳುವ ಒಂದು ಕರೆ ಸಂಕೇತ ಇರುತ್ತದೆ: ರಿಸ್ಟ್ರಿಕ್ಟೆಡ್‌ನವರದು ವಿಯು3 ಎಂದು, ಜನರಲ್‌ನವರದು ವಿಯು2 ಎಂದು ಶುರುವಾಗುತ್ತದೆ. ಹ್ಯಾಂಡ್‌ಸೆಟ್‌ಗೆ ನಮಗೆ ಮುಖ್ಯವಾದ ಜಾಗಗಳು 144 ರಿಂದ 146 ಮತ್ತು 434 ರಿಂದ 438 ಮೆಗಾಹರ್ಟ್ಸ್. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತಿಲ್ಲ, ಹಾಡು ಹಾಕುವಂತಿಲ್ಲ, ಗುಪ್ತ ಭಾಷೆಯೂ ಇಲ್ಲ. ಹಿಂದೆ ಪ್ರಧಾನಿ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು.

ರಿಪೀಟರ್ ಬಗ್ಗೆ ಎರಡೇ ಮಾತು. ಎತ್ತರದ ಜಾಗದಲ್ಲಿ ಕೂತ ಒಂದು ಪೆಟ್ಟಿಗೆ ನಿಮ್ಮ ದನಿಯನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಎರಡು ಮೀಟರ್ ಬ್ಯಾಂಡಿನಲ್ಲಿ ಈ ಎರಡರ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಕೆಲವು ರಿಪೀಟರ್‌ಗಳು ಸಣ್ಣದೊಂದು ಟೋನ್ ಕೇಳಿದರೆ ಮಾತ್ರ ಬಾಗಿಲು ತೆಗೆಯುತ್ತವೆ. ಆದರೆ ಅದಕ್ಕೂ ಕರೆಂಟು ಬೇಕು. ಹಾಗಾಗಿ ಅದಿಲ್ಲದೆ ನೇರವಾಗಿ ಮಾತಾಡುವುದನ್ನೇ ಮೊದಲು ಕಲಿಯಿರಿ. ಅದಕ್ಕೆ ಸಿಂಪ್ಲೆಕ್ಸ್ ಅನ್ನುತ್ತಾರೆ.

ಮಾತಾಡುವುದನ್ನೂ ಕಲಿಯಬೇಕಾ ಅಂತ ನಾನೂ ಅಂದುಕೊಂಡಿದ್ದೆ. ಗುಂಡಿ ಒತ್ತಿದ ತಕ್ಷಣ ಬಾಯಿ ತೆರೆದರೆ ಮೊದಲ ಅಕ್ಷರ ಹಾರಿಹೋಗುತ್ತದೆ, ಏಕೆಂದರೆ ಸೆಟ್ ಕಳಿಸಲು ತಯಾರಾಗುವುದಕ್ಕೂ ಎದುರಿನ ಸೆಟ್ ಬಾಯಿ ಬಿಡುವುದಕ್ಕೂ ಕ್ಷಣಕಾಲ ಬೇಕು. ನಮ್ಮ ಕಡೆ ಇದು ನಗುವ ವಿಷಯವಲ್ಲ. ಹುಬ್ಬಳ್ಳಿ ಇದೆ, ಧಾರವಾಡ ತಾಲ್ಲೂಕಿನಲ್ಲಿ ಹೆಬ್ಬಳ್ಳಿಯೂ ಇದೆ. ಮೊದಲಕ್ಷರ ತಿಂದರೆ ಎರಡೂ "ಬ್ಬಳ್ಳಿ". ಸಹಾಯಕ್ಕೆ ಹೊರಟವರು ಯಾವ ಕಡೆ ಹೋಗಬೇಕು? ಗುಂಡಿ ಒತ್ತಿ, ಮನಸ್ಸಿನಲ್ಲಿ ಒಂದು ಎಣಿಸಿ, ಆಮೇಲೆ ಮಾತಾಡಿ. ಮೈಕನ್ನು ಬಾಯಿಗೆ ಅಂಟಿಸಬೇಡಿ, ನಾಲ್ಕು ಬೆರಳು ದೂರ ಸಾಕು. ಕೂಗಿದರೆ ದನಿ ಒಡೆಯುತ್ತದೆ.

ಊರಿನ ಹೆಸರನ್ನು ಅಕ್ಷರ ಬಿಡಿಸಿ ಹೇಳುವುದು ಇದೇ ಕಾರಣಕ್ಕೆ. ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಪದ: ಎಚ್‌ಗೆ ಹೋಟೆಲ್, ಇಗೆ ಎಕೋ, ಯುಗೆ ಯೂನಿಫಾರ್ಮ್. ಹೆಬ್ಬಳ್ಳಿಗೆ "ಹೋಟೆಲ್, ಎಕೋ", ಹುಬ್ಬಳ್ಳಿಗೆ "ಹೋಟೆಲ್, ಯೂನಿಫಾರ್ಮ್". ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿಯನ್ನು ಬಸ್ಸಿನಲ್ಲಿ ಅಂಗಡಿ ಬೋರ್ಡುಗಳನ್ನು ಓದುತ್ತಾ ಬಾಯಿಪಾಠ ಮಾಡಿದೆ. ಸಂಖ್ಯೆಗಳದು ಇನ್ನೊಂದು ಪಜೀತಿ. ಗರಗರದ ನಡುವೆ ಮೂರು, ಆರು, ನೂರು ಒಂದೇ ತರಹ ಕೇಳಿಸುತ್ತವೆ. ನಾವು ಅಂಕಿಗಳನ್ನು ಒಂದೊಂದಾಗಿ, ಇಂಗ್ಲಿಷಿನಲ್ಲಿ ಹೇಳುತ್ತೇವೆ: ಥ್ರೀ, ಸಿಕ್ಸ್. ಅಲ್ಲೂ ಫೈವ್ ಮತ್ತು ನೈನ್ ಗೊಂದಲವಾಗುವುದರಿಂದ ಒಂಬತ್ತಕ್ಕೆ ನೈನರ್ ಅನ್ನುವ ರೂಢಿ ಇದೆ.

ಆಪತ್ತಿನ ಮಾತಿಗೆ ಬರೋಣ. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅಂಥ ಹೊತ್ತಿನಲ್ಲಿ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಮೊಬೈಲ್ ಟವರಿನ ಬ್ಯಾಟರಿ ಮುಗಿಯುತ್ತದೆ. ಸೆಟ್ಟಿಗೆ ಟವರ್ ಬೇಡ. ಆದರೆ ಕಪಾಟಿನಲ್ಲಿ ಮಲಗಿದ್ದ ಸೆಟ್ ಅವತ್ತೇ ಎದ್ದು ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲೇ ಇತ್ತು. ಹವ್ಯಾಸಕ್ಕೆಂದು ಹೋಗಿದ್ದವರು. ಆಂಟೆನಾ ಕಟ್ಟಿತ್ತು, ದಿನವೂ ಮಾತು ನಡೆದಿತ್ತು. ಅದಕ್ಕೇ ಅಂಡಮಾನಿನಿಂದ ದೇಶದ ಉಳಿದ ಭಾಗಕ್ಕೆ ಸುದ್ದಿ ಮುಟ್ಟಿಸಲು ಅವರಿಂದಾಯಿತು. ಅಷ್ಟು ದೂರ ಮುಟ್ಟಿಸಿದ್ದು ಶಾರ್ಟ್‌ವೇವ್, ಕೈಸೆಟ್ಟಲ್ಲ. ಕೈಸೆಟ್ಟಿನ ಕೆಲಸ ಊರೊಳಗಿನದು: ಈ ಓಣಿಯಿಂದ ಆ ಶಾಲೆಗೆ, ದೋಣಿಯಿಂದ ದಂಡೆಗೆ.

ನಾವು ತಿಂಗಳಿಗೊಮ್ಮೆ ಆಡುವ ಆಟ ಹೀಗಿದೆ. ಒಬ್ಬ ಚೀಟಿಯಲ್ಲಿ ಒಂದು ಸಂದೇಶ ಬರೆಯುತ್ತಾನೆ: ಯಾರು, ಎಲ್ಲಿ, ಏನಾಗಿದೆ, ಎಷ್ಟು ಜನ, ಏನು ಬೇಕು. ಸೆಟ್ಟಿನಲ್ಲಿ ಮೊದಲು "ಅಭ್ಯಾಸ, ಅಭ್ಯಾಸ" ಎನ್ನಬೇಕು, ಇಲ್ಲದಿದ್ದರೆ ಕೇಳಿದವರು ಗಾಬರಿಯಾಗುತ್ತಾರೆ. ಕೇಳಿದವನು ಬರೆದುಕೊಂಡು ತಿರುಗಿ ಓದಬೇಕು. ಆಮೇಲೆ ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಮೊದಲ ಸಲ ನಾನು "ಹೆಬ್ಬಳ್ಳಿ, 6 ಜನ" ಎಂದು ಕಳಿಸಿದ್ದೆ. ತಮ್ಮನ ಚೀಟಿಯಲ್ಲಿ "ಹುಬ್ಬಳ್ಳಿ, 100 ಜನ" ಎಂದಿತ್ತು.