ಮಲಗಿದ್ದು ಪರದೆಯೋ, ಯಂತ್ರವೋ?

ಗದಗದ ಮುದ್ರಣಾಲಯವೊಂದರಿಂದ ಕರೆ ಬಂದಿತ್ತು: "ಸರ್, ಪರದೆ ಆರಬಾರದು ಎಂದು ಸೆಟ್ಟಿಂಗ್ ಮಾಡಿದರೂ ರಾತ್ರಿ ಕಂಪ್ಯೂಟರ್ ಮಲಗಿಬಿಡುತ್ತದೆ." ಹುಬ್ಬಳ್ಳಿಯಿಂದ ಹೋಗಿ ನೋಡಿದೆ. ಡಿಟಿಪಿ ಹುಡುಗ ಮನೆಗೆ ಹೊರಡುವಾಗ ಮದುವೆ ಆಲ್ಬಂನ ನೂರಾರು ಚಿತ್ರಗಳನ್ನು ಸಂಸ್ಕರಣೆಗೆ ಹಚ್ಚಿ ಹೋಗುತ್ತಿದ್ದ. ಬೆಳಿಗ್ಗೆ ಬಂದರೆ ಕೆಲಸ ಅರ್ಧಕ್ಕೇ ನಿಂತಿರುತ್ತಿತ್ತು.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಪವರ್ ಎಂಬ ಪುಟವಿದೆ. ಅಲ್ಲಿ ಎರಡು ಗಡುವುಗಳಿವೆ. ಒಂದು ಪರದೆ ಆರುವುದಕ್ಕೆ, ಇನ್ನೊಂದು ಯಂತ್ರವೇ ನಿದ್ರಿಸುವುದಕ್ಕೆ. ಹುಡುಗ ಮೊದಲನೆಯದನ್ನು 'ನೆವರ್' ಮಾಡಿ ಎರಡನೆಯದನ್ನು 30 ನಿಮಿಷಕ್ಕೇ ಬಿಟ್ಟಿದ್ದ. ಅವನಿಗೆ ಬೇಕಾಗಿದ್ದದ್ದು ತಿರುವುಮುರುವು: ಪರದೆ ಆರಲಿ, ಯಂತ್ರ ಎಚ್ಚರವಿರಲಿ. ಯಾರೂ ನೋಡದ ಮಾನಿಟರ್ 20 ವ್ಯಾಟ್‌ನಂತೆ ರಾತ್ರಿ 12 ಗಂಟೆ ಉರಿದರೆ ಕಾಲು ಯೂನಿಟ್ ವಿದ್ಯುತ್ ಸುಮ್ಮನೆ ಹೋಯಿತು.

"ಕೆಲಸ ನಡೆಯುತ್ತಿರುವಾಗ ಅದಕ್ಕೆ ತಿಳಿಯುವುದಿಲ್ಲವೇ?" ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಯಂತ್ರ ಮುಖ್ಯವಾಗಿ ಗಮನಿಸುವುದು ಕೀಲಿಮಣೆ, ಮೌಸ್‌ಗಳ ಮೇಲೆ ಕೈಯಾಡುತ್ತಿದೆಯೇ ಎಂಬುದನ್ನು. ಯಾವುದಾದರೂ ತಂತ್ರಾಂಶ ತಾನಾಗಿ "ಈಗ ಮಲಗಬೇಡ" ಎಂದು ವಿಂಡೋಸ್‌ಗೆ ಕೋರಿಕೆ ಸಲ್ಲಿಸಿದರೆ ಗಡುವು ಮುಂದೆ ಹೋಗುತ್ತದೆ. ಎರಡೂವರೆ ಗಂಟೆಯ ಸಿನಿಮಾ ನೋಡುವಾಗ ಪರದೆ ಆರದಿರುವುದು ವಿಡಿಯೋ ಪ್ಲೇಯರ್ ಸಲ್ಲಿಸುವ ಈ ಕೋರಿಕೆಯಿಂದಲೇ. ಎಲ್ಲ ತಂತ್ರಾಂಶಗಳಿಗೂ ಆ ಶಿಸ್ತು ಇರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಈ ಗಡುವುಗಳೂ ಎರಡೆರಡು: ಕರೆಂಟಿಗೆ ಜೋಡಿಸಿದಾಗ ಒಂದು, ಬ್ಯಾಟರಿಯ ಮೇಲಿದ್ದಾಗ ಇನ್ನೊಂದು. ಹಾವೇರಿಯ ಸಭಾಭವನವೊಂದರಲ್ಲಿ ಸತ್ಕಾರ ಸಮಾರಂಭದ ನಡುವೆ ಕರೆಂಟು ಹೋಯಿತು. ಜನರೇಟರ್‌ನಿಂದ ಪ್ರೊಜೆಕ್ಟರ್ ಕೂಡಲೇ ಹೊತ್ತಿಕೊಂಡಿತು. ಲ್ಯಾಪ್‌ಟಾಪಿನ ಪ್ಲಗ್ ಮಾತ್ರ ಜನರೇಟರ್ ಸಂಪರ್ಕವಿಲ್ಲದ ಗೋಡೆಯಲ್ಲಿತ್ತು. ಐದು ನಿಮಿಷದಲ್ಲಿ ಅತಿಥಿಗಳ ಭಾವಚಿತ್ರ ಮಾಯವಾಗಿ ಬಿಳಿ ಬಟ್ಟೆ ಕಪ್ಪಾಯಿತು. ಅಲ್ಲಿದ್ದವರೆಲ್ಲ ಪ್ರೊಜೆಕ್ಟರ್ ಆಪರೇಟರನನ್ನೇ ಬೈದರು, ಪಾಪ. ಕಾರ್ಯಕ್ರಮದ ದಿನ ಬ್ಯಾಟರಿಯ ಗಡುವನ್ನೂ ಬದಲಿಸಿ, ಮುಗಿದ ಮೇಲೆ ಮೊದಲಿನಂತೆ ಮಾಡಿ. ಇಲ್ಲವಾದರೆ ಬ್ಯಾಟರಿ ಖಾಲಿಯಾಗುವವರೆಗೂ ಪರದೆ ಉರಿಯುತ್ತಿರುತ್ತದೆ.

ಹೀಗೆ ಬದಲಿಸಿ ಮರೆಯುವವರಿಗೆ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶ ಗುಚ್ಛದಲ್ಲಿ 'ಅವೇಕ್' ಎಂಬ ಸಲಕರಣೆಯಿದೆ. ಇಷ್ಟು ಗಂಟೆ ಎಚ್ಚರವಿರು ಎಂದು ಹೇಳಿದರೆ ಸಾಕು, ಆಮೇಲೆ ಎಲ್ಲ ಹಳೆಯ ಸ್ಥಿತಿಗೆ ಬರುತ್ತದೆ. ಮ್ಯಾಕ್‌ನಲ್ಲಿ ಇದಕ್ಕಾಗಿ ಟರ್ಮಿನಲ್ (ಆದೇಶಗಳನ್ನು ಬೆರಳಚ್ಚಿಸುವ ಕಿಟಕಿ) ತೆರೆದು ನೀಡುವ ಆದೇಶದ ಹೆಸರೇ 'ಕೆಫಿನೇಟ್'. ಇಟ್ಟವರು ಕಾಫಿಪ್ರಿಯರಿರಬೇಕು.

ಅಗ್ಗದ ಉಪಾಯಗಳೂ ಉಂಟು. ಮುಳ್ಳಿನ ಕೈಗಡಿಯಾರದ ಮೇಲೆ ಮೌಸ್ ಇಟ್ಟರೆ ಸೆಕೆಂಡು ಮುಳ್ಳು ಸರಿದಾಗ ಬಾಣವೂ ಅಲುಗುತ್ತದೆ ಎನ್ನುವವರಿದ್ದಾರೆ. ಮನೆಯಲ್ಲಿ ತಮಾಷೆಗೆ ಸರಿ. ಕಚೇರಿಯಲ್ಲಿ ನಾನು ಒಪ್ಪುವುದಿಲ್ಲ. ಅಲ್ಲಿ ಐದೋ ಹತ್ತೋ ನಿಮಿಷಕ್ಕೆ ಪರದೆಗೆ ಬೀಗ ಬೀಳುವುದು ವಿದ್ಯುತ್ ಉಳಿಸಲಿಕ್ಕಲ್ಲ, ನೀವು ಚಹಾಕ್ಕೆ ಎದ್ದಾಗ ಗ್ರಾಹಕರ ಖಾತೆ ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ ಎಂದು. ಸೆಟ್ಟಿಂಗ್ ಬೂದುಬಣ್ಣಕ್ಕೆ ತಿರುಗಿ ಒತ್ತಲು ಬಾರದಿದ್ದರೆ ಅದನ್ನು ಸಂಸ್ಥೆಯೇ ನಿಗದಿಮಾಡಿದೆ ಎಂದು ತಿಳಿಯಿರಿ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಮೋಸಹೋದದ್ದು ಬ್ಯಾಡಗಿಯಲ್ಲಿ. ಒಬ್ಬ ದಲಾಲರು ಕಡ್ಡಿ, ಡಬ್ಬಿ ಮೆಣಸಿನಕಾಯಿಯ ದರ ತೋರಿಸಲು ಕಂಪ್ಯೂಟರಿಗೆ ದೊಡ್ಡ ಟಿವಿ ಜೋಡಿಸಿದ್ದರು. ಖಾರದ ಕೈಯಲ್ಲಿ ಮೌಸ್ ಮುಟ್ಟುವಂತಿಲ್ಲ, ಪರದೆ ಆರಲೂಬಾರದು. ಎರಡೂ ಗಡುವು ತೆಗೆದೆ, ಸ್ಕ್ರೀನ್ ಸೇವರ್ ತೆಗೆದೆ. ಮರುದಿನ ಮತ್ತೆ ಕರೆ: "ಸಾಹೇಬರೇ, ಮಧ್ಯಾಹ್ನಕ್ಕೆ ಸರಿಯಾಗಿ ಆರಿತು." ಎರಡು ಬಾರಿ ಹೋಗಿ, ಸೀನಿ ಸೀನಿ ಸಾಕಾದ ಮೇಲೆ ಹೊಳೆಯಿತು. ಕಂಪ್ಯೂಟರ್ ಎಚ್ಚರವಾಗಿಯೇ ಇತ್ತು. ನಾಲ್ಕು ಗಂಟೆ ಯಾರೂ ಗುಂಡಿ ಒತ್ತದಿದ್ದರೆ ತಾನಾಗಿ ಆರುವ ವ್ಯವಸ್ಥೆ ಟಿವಿಯಲ್ಲೇ ಇತ್ತು. ಅದನ್ನು ತೆಗೆಯಲು ರಿಮೋಟ್ ಬೇಕು. ಅಂಗಡಿಯವರೆಲ್ಲ ಸೇರಿ ಅರ್ಧ ಗಂಟೆ ಹುಡುಕಿದ ಮೇಲೆ ಅದು ಗೋಣಿಚೀಲಗಳ ರಾಶಿಯ ಅಡಿಯಲ್ಲಿ ಸಿಕ್ಕಿತು.