ಟವರ್ ಸಿಗದ ಘಟ್ಟಕ್ಕೆ ಯಾವ ಆ್ಯಪ್, ಯಾವ ಗ್ಯಾಜೆಟ್?

ರಜೆ ಹತ್ತಿರ ಬಂದಂತೆ ಶಿರಸಿಯ ನಮ್ಮ ಅಂಗಡಿಗೆ ಪೊಟ್ಟಣ ಹಿಡಿದುಕೊಂಡು ಬರುವವರು ಜಾಸ್ತಿಯಾಗುತ್ತಾರೆ. ಆನ್‌ಲೈನಿನಲ್ಲಿ ತರಿಸಿದ, ಮುಂದಿನ ರಸ್ತೆಯನ್ನು ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್, ಗಾಳಿ ಹಾಕುವ ಪಂಪ್, ಕಾರಿನಲ್ಲಿಡುವ ಪುಟ್ಟ ಫ್ರಿಜ್, ನೀರು ಕಾಯಿಸುವ ಕೆಟಲ್. "ಅಣ್ಣಾ, ಇದನ್ನೆಲ್ಲ ಕೂರಿಸಿಕೊಡಿ, ನಾಳೆ ಬೆಳಿಗ್ಗೆ ಹೊರಡೋದು" ಅನ್ನುತ್ತಾರೆ. ನನ್ನ ಕಸುಬು ಗಾಡಿಗಳ ವೈರಿಂಗ್ ಮತ್ತು ಬ್ಯಾಟರಿ. ಕೂರಿಸಿಕೊಡುವುದು ಕಷ್ಟವಲ್ಲ. ಆದರೆ ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಟವರ್ ಸಿಗದ ಕಡೆಯೂ ಇದು ನಡೆಯುತ್ತದಾ? ನಿಮ್ಮ ಕಾರಿನ ಫ್ಯೂಸ್, ಬ್ಯಾಟರಿ ಇದನ್ನು ತಾಳಿಕೊಳ್ಳುತ್ತವಾ? ಉತ್ತರ ಕನ್ನಡದಲ್ಲಿ ಓಡಾಡುವವರಿಗೆ ಈ ಎರಡೂ ಮುಖ್ಯ. ಕರಾವಳಿಯಿಂದ ಮೇಲೆ ಬರಲು ಅಣಶಿ, ಅರಬೈಲು, ದೇವಿಮನೆ, ಗೇರುಸೊಪ್ಪ ಯಾವ ದಾರಿ ಹಿಡಿದರೂ ಘಟ್ಟ, ಕಾಡು. ಗಾಡಿ ನಿಂತರೆ ಹತ್ತಿರದಲ್ಲಿ ಗ್ಯಾರೇಜ್ ಇರುವುದಿಲ್ಲ, ಫೋನ್ ಮಾಡೋಣ ಅಂದರೆ ರೇಂಜೂ ಇರುವುದಿಲ್ಲ.

ಮೊದಲು ಮ್ಯಾಪ್. ಮೊಬೈಲಿನ ಜಿಪಿಎಸ್‌ಗೆ ಸಿಮ್ ಬೇಕಿಲ್ಲ, ಡೇಟಾ ಬೇಕಿಲ್ಲ. ಉಪಗ್ರಹಗಳಿಂದ ಬರುವ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆ ಅಂತ ಫೋನೇ ಲೆಕ್ಕ ಹಾಕುತ್ತದೆ. ಇಂಟರ್‌ನೆಟ್ ಬೇಕಾಗುವುದು ಆ ನೀಲಿ ಚುಕ್ಕೆಯ ಕೆಳಗಿನ ರಸ್ತೆಗಳ ಚಿತ್ರಕ್ಕೆ. ಆ ಚಿತ್ರವನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ಅಣಶಿಯ ಕಾಡಿನ ನಡುವೆಯೂ ದಾರಿ ಕಾಣುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಎಂಬ ಆಯ್ಕೆ ಇದೆ. ಕಾರವಾರದಿಂದ ಭಟ್ಕಳದ ತನಕ, ಮೇಲೆ ಜೋಯಿಡಾ, ಯಲ್ಲಾಪುರ, ಶಿರಸಿ, ಸಿದ್ದಾಪುರ, ಸಾಗರ ಎಲ್ಲ ಒಳಗೆ ಬರುವ ಹಾಗೆ ಚೌಕ ಎಳೆದು ಇಳಿಸಿಕೊಳ್ಳಿ. ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಹಾಕಿಕೊಳ್ಳಿ ಅಂತ ನಾನು ಹೇಳುತ್ತೇನೆ. ಅದು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುತ್ತದೆ, ಹಣ ಕೊಡಬೇಕಿಲ್ಲ, ಮೊದಲಿನಿಂದಲೂ ನೆಟ್ ಇಲ್ಲದೆ ನಡೆಯಲೆಂದೇ ಮಾಡಿದ್ದು. ಊರೊಳಗಿನ ಕಾಲುದಾರಿ, ಕಾಡಿನ ದಾರಿ ಅದರಲ್ಲಿ ಚೆನ್ನಾಗಿ ಸಿಗುತ್ತವೆ.

ಒಂದು ಎಚ್ಚರ. ಫೋನನ್ನು ಕಾಡಿನೊಳಗೆ ಆಫ್ ಮಾಡಿ ಆನ್ ಮಾಡಿದರೆ ಜಾಗ ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿಯನ್ನು ಫೋನು ಸಾಮಾನ್ಯವಾಗಿ ನೆಟ್‌ನಿಂದಲೇ ಬೇಗ ಪಡೆಯುತ್ತದೆ. ನೆಟ್ ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನಕ್ಕೆ ಬರಬೇಕು. ಹಾಗಾಗಿ ಮನೆಯಂಗಳದಲ್ಲೇ ದಾರಿ ಶುರು ಮಾಡಿಕೊಂಡು ಹೊರಡಿ.

ಆಫ್‌ಲೈನ್ ಮ್ಯಾಪಿಗೆ ಇವತ್ತಿನ ಸುದ್ದಿ ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಕೊರತೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು, ಜೀವಗಳು ಹೋದವು. ಮೂರು ವಾರದ ಮೇಲೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕಾಮಗಾರಿಗಾಗಿ ಶಿರಸಿ–ಕುಮಟಾ ರಸ್ತೆಯಲ್ಲಿ ವಾಹನ ನಿಲ್ಲಿಸಿದ್ದೂ ಇದೆ. ಫೋನಿನಲ್ಲಿ ಇಳಿಸಿಟ್ಟ ನಕ್ಷೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಎಲ್ಲ ದಾರಿಯೂ ತೆರೆದೇ ಇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಹೊರಡುವವರು ಟವರ್ ಸಿಗುವ ಕೊನೆಯ ಊರಿನಲ್ಲಿ ಐದು ನಿಮಿಷ ನಿಲ್ಲಬೇಕು. ಮೇಲಿನಿಂದ ಹೊರಟವರಿಗೆ ಶಿರಸಿ ಇಲ್ಲವೇ ಯಲ್ಲಾಪುರ, ಕೆಳಗಿನಿಂದ ಬರುವವರಿಗೆ ಕುಮಟಾ, ಅಂಕೋಲಾ. ಅಲ್ಲಿ ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್ ನೋಡಿ, ಜಿಲ್ಲೆಗೆ ಇರುವ ಮಳೆಯ ಎಚ್ಚರಿಕೆ ಹಳದಿಯೋ ಕಿತ್ತಳೆಯೋ ಕೆಂಪೋ ಅಂತ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಹಾಕಿಕೊಂಡಿದ್ದರೆ ನೀವಿರುವ ಜಾಗದ ಎಚ್ಚರಿಕೆ ತಾನೇ ಬರುತ್ತದೆ. ಸಿಡಿಲಿಗೆ 'ದಾಮಿನಿ' ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಅದು ಬಹಳ ಉಪಯೋಗ. ಇದೆಲ್ಲ ಆದಮೇಲೆ ಎದುರಿನಿಂದ ಬಂದ ಬಸ್ಸಿನ ಡ್ರೈವರನ್ನೋ ಲಾರಿಯವರನ್ನೋ ಒಂದು ಮಾತು ಕೇಳಿ. ಅವರು ಅರ್ಧ ಗಂಟೆ ಹಿಂದೆ ಅದೇ ತಿರುವಿನಲ್ಲಿ ಬಂದವರು. ಅಷ್ಟು ಹೊಸ ಸುದ್ದಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಮ್ಯಾಪ್ ಹತ್ತಿರದ ದಾರಿ ತೋರಿಸಿತು ಅಂತ ಕತ್ತಲಲ್ಲಿ ತೋಟದ ರಸ್ತೆಗೆ ಇಳಿಯಬೇಡಿ. ಶಿರಸಿಯಿಂದ ಗೋಕರ್ಣಕ್ಕೆ ಹೋಗುವವರು ನಡುವೆ ದೇವಿಮನೆ, ಕುಮಟಾ ಎಂದು ಎರಡು ನಿಲ್ದಾಣ ಸೇರಿಸಿದರೆ ಆ ತೊಂದರೆ ಇರುವುದಿಲ್ಲ. ಬೈಕಿನ ಗುರುತು ಒತ್ತಿದ್ದರೆ ಅದನ್ನೂ ಕಾರಿಗೆ ಬದಲಾಯಿಸಿ.

ಇನ್ನು ಕರೆಂಟ್. ನನ್ನ ಬೆಂಚಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಕಾರಿನ 12 ವೋಲ್ಟ್ ಸಾಕೆಟ್ ನೋಡಲು ಒಂದೇ ಥರ ಇದ್ದರೂ ಅದರ ಹಿಂದೆ ಇರುವ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್‌ನದು. ಅಂದರೆ ವೋಲ್ಟಿನಿಂದ ಗುಣಿಸಿದರೆ ಒಟ್ಟು 120ರಿಂದ 180 ವ್ಯಾಟ್. ಅದಕ್ಕೆ ಮೂರು ಕವಲಿನ ಪ್ಲಗ್ ಹಾಕಿದರೂ ಸಿಗುವುದು ಅಷ್ಟೇ. ಗಾಳಿ ಪಂಪ್ ಒಂದೇ 8ರಿಂದ 10 ಆಂಪಿಯರ್ ಎಳೆಯುತ್ತದೆ. ಪಕ್ಕದಲ್ಲಿ ಫ್ರಿಜ್ ಓಡುತ್ತಿದ್ದರೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋಗುವುದು ಒಳ್ಳೆಯದೇ, ವೈರ್ ಸುಡದಂತೆ ಕಾಯಲು ತಾನೇ ಅದು ಇರುವುದು. ಆ ಜಾಗಕ್ಕೆ ದೊಡ್ಡ ಫ್ಯೂಸನ್ನೋ ತಂತಿಯ ತುಂಡನ್ನೋ ಹಾಕಿಕೊಂಡು ಬರುತ್ತಾರಲ್ಲ, ಅದನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ವೈರ್ ಕರಗುವುದು ಹೊಗೆ ಬರುವ ತನಕ ಗೊತ್ತಾಗುವುದಿಲ್ಲ. ಅದೇ ಅಳತೆಯ ನಾಲ್ಕು ಫ್ಯೂಸ್ ಗ್ಲೋವ್ ಬಾಕ್ಸಿನಲ್ಲಿಡಿ. ಬೆಲೆ ತೀರಾ ಕಮ್ಮಿ.

ಕೆಟಲ್ ಬೇಡ. ಲೆಕ್ಕ ಹಾಕಿ ನೋಡಿ: 150 ವ್ಯಾಟಿನ ಕೆಟಲ್‌ನಲ್ಲಿ ಒಂದು ಲೀಟರ್ ನೀರು ಕುದಿಯಲು ಅರ್ಧ ಗಂಟೆಗೂ ಜಾಸ್ತಿ ಬೇಕು, ಅದೂ ಒಂದು ಚೂರೂ ಬಿಸಿ ಹೊರಗೆ ಹೋಗದಿದ್ದರೆ. ಒಳ್ಳೆಯ ಫ್ಲಾಸ್ಕ್‌ನಲ್ಲಿ ಮನೆಯಿಂದಲೇ ಚಹಾ ತುಂಬಿಕೊಂಡು ಹೋಗಿ.

ಫ್ರಿಜ್ ಅಂತ ಮಾರುವ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಕಂಪ್ರೆಸರ್ ಇರುವುದಿಲ್ಲ. ಹೊರಗಿನ ಬಿಸಿಗಿಂತ ಹದಿನೈದಿಪ್ಪತ್ತು ಡಿಗ್ರಿ ಮಾತ್ರ ಅವು ಕಡಿಮೆ ಮಾಡಬಲ್ಲವು. ಕಾರವಾರದ ಮಧ್ಯಾಹ್ನಕ್ಕೆ ಮಜ್ಜಿಗೆ, ಎಳನೀರು ತಂಪಾಗಿಡಲು ಸಾಕು. 2ರಿಂದ 8 ಡಿಗ್ರಿಯಲ್ಲೇ ಇಡಬೇಕಾದ ಔಷಧಿಗೆ ಅದನ್ನು ನಂಬಬೇಡಿ. ಕೆಲವು ಕಾರುಗಳಲ್ಲಿ ಕೀ ತೆಗೆದರೂ ಸಾಕೆಟ್‌ಗೆ ಕರೆಂಟ್ ಬರುತ್ತಲೇ ಇರುತ್ತದೆ. ನಾಲ್ಕು ಆಂಪಿಯರ್ ಎಳೆಯುತ್ತಾ ರಾತ್ರಿಯಿಡೀ ಓಡಿದರೆ ಸಣ್ಣ ಕಾರಿನ 35 ಆಂಪಿಯರ್-ಅವರ್ (ಅಂದರೆ ಒಂದು ಆಂಪಿಯರಿನಂತೆ 35 ಗಂಟೆ ಕೊಡಬಲ್ಲ) ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿ.

ಡ್ಯಾಶ್‌ಕ್ಯಾಮ್ ಖಂಡಿತ ಹಾಕಿಸಿ. ತಿರುವಿನಲ್ಲಿ ಯಾರು ಎಲ್ಲಿಂದ ನುಗ್ಗಿದರು ಎಂಬುದಕ್ಕೆ ಸಾಕ್ಷಿ ಬೇಕು. ಕೊಳ್ಳುವಾಗ ಒಳಗೆ ಲಿಥಿಯಂ ಬ್ಯಾಟರಿ ಇಲ್ಲದ, ಸೂಪರ್ ಕೆಪಾಸಿಟರ್ (ಬ್ಯಾಟರಿಯ ಬದಲು ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡುವ ಬಿಡಿಭಾಗ) ಇರುವುದನ್ನು ಆರಿಸಿ. ಗಾಜಿನ ಹಿಂದಿನ ಬಿಸಿಲಿಗೆ ಲಿಥಿಯಂ ಊದಿಕೊಳ್ಳುತ್ತದೆ. ಕಾರ್ಡ್ 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವುದೇ ಬೇಕು. ಯಾಕೆಂದರೆ ಅದರ ಮೇಲೆ ಹಗಲಿಡೀ ಬರೆದು ಅಳಿಸಿ ನಡೆಯುತ್ತದೆ. ನಮ್ಮ ರಸ್ತೆಗೆಂದೇ ಒಂದು ಸೆಟ್ಟಿಂಗ್ ಬದಲಿಸಬೇಕು. ಕ್ಯಾಮೆರಾದಲ್ಲಿ ಗುದ್ದು ಗುರುತಿಸುವ ಸೆನ್ಸರ್ ಇದೆ. ಜೋರಾಗಿ ಅಲುಗಾಡಿದರೆ ಅಪಘಾತವಾಯಿತು ಅಂದುಕೊಂಡು ಆ ತುಣುಕನ್ನು ಅಳಿಸದಂತೆ ಬೀಗ ಹಾಕಿಡುತ್ತದೆ. ಹೊಂಡಕ್ಕೊಂದು ಬೀಗ ಬಿದ್ದರೆ ಕಾರ್ಡ್ ತುಂಬಿ ಹೊಸದು ದಾಖಲಾಗುವುದೇ ನಿಂತುಬಿಡುತ್ತದೆ. ಆ ಸೆನ್ಸರನ್ನು ಕಡಿಮೆ ಮಟ್ಟಕ್ಕೆ ಇಳಿಸಿ.

ನಿಲ್ಲಿಸಿದಾಗಲೂ ದಾಖಲಿಸಬೇಕು ಅನ್ನುವವರು ಫ್ಯೂಸ್ ಪೆಟ್ಟಿಗೆಯಿಂದ ವೈರ್ ಎಳೆಸುತ್ತಾರೆ. ಕಂಪನಿಯ ವೈರನ್ನು ಕತ್ತರಿಸಲು ಬಿಡಬೇಡಿ, ಫ್ಯೂಸ್ ಜಾಗದಲ್ಲೇ ಸಿಕ್ಕಿಸುವ ಟ್ಯಾಪ್ ಸಿಗುತ್ತದೆ. ವೋಲ್ಟೇಜ್ 12ರ ಹತ್ತಿರ ಬಂದಾಗ ತಾನೇ ನಿಲ್ಲುವ ಕಟ್-ಆಫ್ ಇರಲೇಬೇಕು. ಕ್ಯಾಮೆರಾ ಎಳೆಯುವುದು 0.3 ಆಂಪಿಯರ್ ಅಂದರೂ ಗೋಕರ್ಣದಲ್ಲಿ ಎರಡು ದಿನ ಕಾರು ನಿಂತಿದ್ದರೆ 14 ಆಂಪಿಯರ್-ಅವರ್ ಹೋಯಿತು. ಸಣ್ಣ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ ಅದು. ಇನ್ನೊಂದು, ಮುಂದಿನ ಗಾಜಿನ ಪಕ್ಕದ ಕಂಬದ ಹೊದಿಕೆಯೊಳಗೆ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ವೈರ್ ಅದರ ಹಿಂದಿನಿಂದ ಹೋಗಬೇಕು. ಮುಂದಿನಿಂದ ಹೋದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅಡ್ಡ ಬರುತ್ತದೆ. ಕೆಲಸ ಮಾಡುವವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ, ಸಂಕೋಚ ಬೇಡ.

ಒಂದೇ ಒಂದು ಸಾಮಾನಿಗೆ ದುಡ್ಡಿದೆ ಅನ್ನುವವರಿಗೆ ನಾನು ಹೇಳುವುದು ಗಾಳಿ ಪಂಪ್. ಕಾಡಿನ ನಡುವೆ ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ. ಮೊಳೆ ಕೀಳದೆ ಗಾಳಿ ತುಂಬಿಕೊಂಡರೆ ಮುಂದಿನ ಊರಿನ ಪಂಚರ್ ಅಂಗಡಿ ತಲುಪಬಹುದು. ತಿರುವಿನ ಇಳಿಜಾರಿನಲ್ಲಿ ಜಾಕಿ ಹಾಕಿ ಸ್ಟೆಪ್ನಿ ಬದಲಿಸುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಪಂಪ್ ಹಾಕುವಾಗ ಎಂಜಿನ್ ಸ್ಟಾರ್ಟ್ ಇರಲಿ, ಎರಡು ಟೈರಿನ ಮಧ್ಯೆ ಪಂಪ್ ಆರಲು ಬಿಡಿ.

ಟೈರಿನ ಗಾಳಿ ತೋರಿಸುವ ಸೆನ್ಸರ್ ಕೂಡ ಒಳ್ಳೆಯದೇ. ಆದರೆ ಅದು ತೋರಿಸುವ ಅಂಕಿ ಅರ್ಥವಾಗಬೇಕು. ಬಿಸಿ 5–6 ಡಿಗ್ರಿ ಏರಿದರೆ ಟೈರಿನ ಗಾಳಿ ಸುಮಾರು 1 ಪಿಎಸ್ಐ (ಒತ್ತಡದ ಅಳತೆ) ಏರುತ್ತದೆ. ಮುಂಜಾನೆಯ ತಂಪಿನಲ್ಲಿ ಶಿರಸಿ ಬಿಟ್ಟು ಮಧ್ಯಾಹ್ನ ಹೊನ್ನಾವರದ ಬಿಸಿಲಿಗೆ ಬಂದರೆ ನಾಲ್ಕೈದು ಜಾಸ್ತಿ ಕಾಣುವುದು ಸಹಜ. ಹೆದರಿ ಗಾಳಿ ಬಿಡಬೇಡಿ, ಮರುದಿನ ಟೈರ್ ತಣ್ಣಗಾದಾಗ ಕಡಿಮೆಯಾಗಿಬಿಡುತ್ತದೆ. ಇದರ ಜೊತೆ ಇನ್ನೊಂದು ಸ್ವಾರಸ್ಯ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಕೆಳಗಿಳಿದಂತೆ ಹೊರಗಿನ ವಾತಾವರಣದ ಒತ್ತಡ ಏರುವುದರಿಂದ ಮೀಟರಿನಲ್ಲಿ 1 ಪಿಎಸ್ಐನಷ್ಟು ಕಡಿಮೆ ಕಾಣುತ್ತದೆ. ನಾಲ್ಕೂ ಚಕ್ರ ಒಟ್ಟಿಗೆ ಏರಿಳಿದರೆ ಚಿಂತೆಯಿಲ್ಲ. ಒಂದು ಮಾತ್ರ ಇಳಿಯುತ್ತಿದ್ದರೆ ನಿಲ್ಲಿಸಿ ನೋಡಿ.

ಕರಾವಳಿಯವರಿಗೆ ಒಂದು ಮಾತು ಬೇರೆ ಹೇಳಬೇಕು. ವಾಲ್ವ್ ಮೇಲೆ ತಿರುಗಿಸಿ ಹಾಕುವ ಸೆನ್ಸರ್‌ಗಳ ಲೋಹ ಒಂದು, ವಾಲ್ವಿನ ಲೋಹ ಇನ್ನೊಂದು. ಉಪ್ಪುಗಾಳಿ ತಾಗಿದರೆ ಎರಡೂ ತುಕ್ಕು ಹಿಡಿದು ಬೆಸೆದುಕೊಳ್ಳುತ್ತವೆ. ಗಾಳಿ ಹಾಕಲು ತೆಗೆಯಹೋದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ, ವಾಲ್ವಿನ ತಿರುಪಿನ ಭಾಗಕ್ಕೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಕಾರವಾರ, ಅಂಕೋಲಾ ಕಡೆಯ ಗಾಡಿ ನಮ್ಮಲ್ಲಿಗೆ ಬಂದರೆ ನಾನು ಮೊದಲು ಮುಟ್ಟಿ ನೋಡುವುದೇ ಇದನ್ನು.

ಮೊಬೈಲ್ ಸ್ಟ್ಯಾಂಡನ್ನು ಗಾಜಿಗೆ ಅಂಟಿಸುವುದಕ್ಕಿಂತ ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವುದು ಲೇಸು. ಮ್ಯಾಪ್, ಚಾರ್ಜಿಂಗ್, ಬಿಸಿಲು ಮೂರೂ ಸೇರಿದರೆ ಫೋನು ಕಾದು ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ. ತಂಪುಗಾಳಿ ತಾಗುತ್ತಿದ್ದರೆ ಆ ಕಾಟವಿಲ್ಲ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಗಮನ ಕೆಡದಂತೆ ದಾರಿ ನೋಡಲು ಮಾತ್ರ ಫೋನ್ ಬಳಸಬಹುದು. ಅಗ್ಗದ ಚಾರ್ಜರ್ ಹಾಕಿದ ಕೂಡಲೇ ರೇಡಿಯೋದಲ್ಲಿ ಗೊರಗೊರ ಶುರುವಾದರೆ ಆ ಚಾರ್ಜರ್ ಬದಲಿಸಿ. ನೆಟ್ ಇಲ್ಲದ ಕಡೆ ಆಕಾಶವಾಣಿ ಕಾರವಾರದಿಂದ ಮಳೆಯ ಸುದ್ದಿ ಕೇಳುವುದಿರುತ್ತದೆ, ಅಲ್ವಾ?

ಗಾಡಿಯ ಕಾಗದಪತ್ರಕ್ಕೆ ಡಿಜಿಲಾಕರ್, ಎಂಪರಿವಾಹನ್ ಆ್ಯಪ್ ಸಾಕು. ರೇಂಜ್ ಇಲ್ಲದ ಕಡೆಗೆಂದು ಒಂದು ಪ್ರತಿ ಕಾಗದದಲ್ಲೂ ಇರಲಿ. ಹೆದ್ದಾರಿ 66ರಲ್ಲಿ ಹಟ್ಟಿಕೇರಿ, ಹೊಳೆಗದ್ದೆ ಟೋಲ್‌ಗಳಿವೆ, ಹೊರಡುವ ಮೊದಲೇ ಫಾಸ್ಟ್ಯಾಗ್‌ನಲ್ಲಿ ದುಡ್ಡು ನೋಡಿಕೊಳ್ಳಿ. 2025ರ ನವೆಂಬರ್ 15ರಿಂದ ಟ್ಯಾಗ್ ನಡೆಯದಿದ್ದರೆ ಯುಪಿಐನಲ್ಲಿ ಒಂದೂಕಾಲು ಪಟ್ಟು ಟೋಲ್ ಕಟ್ಟಬೇಕು. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ನಿಮ್ಮ ಸಿಮ್ಮಿನ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ 112ಕ್ಕೆ ಕರೆ ಹೋಗುತ್ತದೆ, ಮಾಡಿ ನೋಡದೆ ಕೈಚೆಲ್ಲಬೇಡಿ. ಮನೆಯವರಲ್ಲಿ ಇಬ್ಬರು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮಂಜಿಗೆ ಅಂತ ಕಣ್ಣು ಕುಕ್ಕುವ ಹೆಚ್ಚುವರಿ ಎಲ್ಇಡಿ ಹಾಕಿಸಬೇಡಿ. ಬೆಳಕು ಮಂಜಿಗೇ ಬಡಿದು ನಿಮ್ಮ ಕಣ್ಣಿಗೆ ವಾಪಸ್ ಬರುತ್ತದೆ, ಎದುರಿನವರಿಗೂ ರಸ್ತೆ ಕಾಣುವುದಿಲ್ಲ. ಲೋ ಬೀಮ್ ಮತ್ತು ಕೆಳಗಿನ ಫಾಗ್ ಲ್ಯಾಂಪ್ ಸಾಕು.

ಕೊನೆಯದಾಗಿ, ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ವೋಲ್ಟ್‌ಮೀಟರ್. ಇದು ದುಬಾರಿಯಲ್ಲ, ಆದರೂ ಕೇಳಿಕೊಂಡು ಬರುವವರೇ ಕಡಿಮೆ. ರಾತ್ರಿ ನಿಂತ ಕಾರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು 12.6ರ ಆಸುಪಾಸು ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧಕ್ಕೆ ಬಂದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಆಗಾಗ ಇದನ್ನು ತಗ್ಗಿಸುತ್ತದೆ, ಹಾಗಾಗಿ ಹೆಡ್‌ಲೈಟ್, ಎಸಿ, ವೈಪರ್ ಎಲ್ಲ ಹಾಕಿ ನೋಡಿ. ಆಗಲೂ 13 ದಾಟದಿದ್ದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ ಅಂತ ಅನುಮಾನಿಸಬೇಕು. ಮಳೆಯಲ್ಲಿ ಲೈಟು, ವೈಪರು, ಬ್ಲೋವರ್ ಒಟ್ಟಿಗೆ ಓಡಿಸಿಕೊಂಡು ಅಂಥ ಗಾಡಿಯಲ್ಲಿ ಘಟ್ಟ ಹತ್ತಲು ಹೋಗಬೇಡಿ. ಹೊರಡುವ ಹಿಂದಿನ ದಿನ ಹತ್ತಿರದ ಎಲೆಕ್ಟ್ರಿಷಿಯನ್ ಹತ್ತಿರ ಆಲ್ಟರ್ನೇಟರಿನ ಬೆಲ್ಟ್ ಮತ್ತು ಬ್ಯಾಟರಿ ಟರ್ಮಿನಲ್ ಎರಡನ್ನೂ ನೋಡಿಸಿ, ಅರ್ಧ ಗಂಟೆಯ ಕೆಲಸ.