ವಿಪಿಎನ್ ಏಕೆ ಕೈಕೊಡುತ್ತದೆ? ವರ್ಕಾಡಿಯಿಂದ ಶಾರ್ಜಾದವರೆಗಿನ ಕಥೆ

ಮೊಬೈಲು ಹೊಸದಾಗಿ ಬಂದ ಕಾಲದಲ್ಲಿ ಕೇರಳ-ಕರ್ನಾಟಕ ಗಡಿಯ ಮಂಜೇಶ್ವರ, ಹೊಸಂಗಡಿ, ವರ್ಕಾಡಿ ಕಡೆಯವರಿಗೆ ಒಂದು ತಾಪತ್ರಯವಿತ್ತು. ಚಾವಡಿಯಲ್ಲಿ ಕೂತರೆ ಕೇರಳದ ಟವರ್, ಅಂಗಳಕ್ಕಿಳಿದರೆ ಕರ್ನಾಟಕದ ಟವರ್. ಸಿಗ್ನಲ್ಲಿನ ಪಕ್ಕ ‘ಆರ್’ ಎಂಬ ಸಣ್ಣ ಅಕ್ಷರ ಮೂಡಿದರೆ ಬಂದ ಕರೆಗೂ ದುಡ್ಡು. ನಮ್ಮಪ್ಪ ಫೋನನ್ನು ಕಿಟಕಿಯ ದಂಡೆಯ ಮೇಲೆ ಒಂದೇ ಜಾಗದಲ್ಲಿ ಇಡುತ್ತಿದ್ದರು, ಯಾರಾದರೂ ಎರಡು ಅಡಿ ಆಚೆ ಸರಿಸಿದರೆ ಬೈಗಳು ಗ್ಯಾರಂಟಿ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ದೇಶದೊಳಗಿನ ರೋಮಿಂಗ್‌ನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. ಖಾಸಗಿ ಕಂಪನಿಗಳೂ ಕ್ರಮೇಣ ಅದೇ ದಾರಿ ಹಿಡಿದವು. ತಲಪಾಡಿ ಗಡಿ ಕೊನೆಗೂ ನಮ್ಮ ಫೋನಿನಿಂದ ಹೋಯಿತು ಎಂದುಕೊಂಡೆವು.

ಅದೇ ಗಡಿ ಈಗ ಗಲ್ಫಿನಲ್ಲಿರುವ ನಮ್ಮ ಮಕ್ಕಳ ಫೋನಿನಲ್ಲಿ ಬೇರೆ ರೂಪದಲ್ಲಿ ಕೂತಿದೆ. ಅಕ್ಕನ ಮಗ ಶಾರ್ಜಾಕ್ಕೆ ಹೊರಟಾಗ ಊರಲ್ಲೇ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದ್ದ. ಅಮ್ಮ ಇಲ್ಲಿ ರಾತ್ರಿ 9:30ಕ್ಕೆ ಕನ್ನಡ ಸೀರಿಯಲ್ ಹಾಕುವಾಗ ಅವನಿಗೆ ಅಲ್ಲಿ 8 ಗಂಟೆ. ಇಬ್ಬರೂ ಒಟ್ಟಿಗೆ ನೋಡಿ ಆಮೇಲೆ ಫೋನಿನಲ್ಲಿ ಮಾತಾಡಬೇಕು ಎಂಬುದು ತಾಯಿ ಮಗನ ಒಪ್ಪಂದ. ಹೊರಡುವ ಹಿಂದಿನ ದಿನ ಅವನ ಫೋನಿಗೆ ವಿಪಿಎನ್, ಅಂದರೆ ನಮ್ಮ ಇಂಟರ್ನೆಟ್ಟನ್ನು ಬೇರೆ ಕಡೆಯ ಯಂತ್ರದ ಮೂಲಕ ಹಾಯಿಸಿ ನಾವು ಅಲ್ಲಿಯೇ ಇರುವಂತೆ ತೋರಿಸುವ ಸಾಧನ, ಹಾಕಿಕೊಟ್ಟವನು ನಾನೇ. ಮೂರು ವಾರ ನಡೆಯಿತು. ನಾಲ್ಕನೆಯ ವಾರ ಕರೆ ಬಂತು: “ಮಾವ, ಆ್ಯಪ್ ಓಪನ್ ಆಗ್ತದೆ, ಸೀರಿಯಲ್ ಮಾತ್ರ ಬರುದಿಲ್ಲ. ನಿಮ್ಮ ಪ್ರದೇಶದಲ್ಲಿ ಲಭ್ಯ ಇಲ್ಲ ಅಂತ ತೋರಿಸ್ತಾ ಉಂಟು.” ಅವತ್ತಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ.

ವಿಪಿಎನ್ ಹುಟ್ಟಿದ್ದು ಸಿನಿಮಾ ನೋಡುವುದಕ್ಕಲ್ಲ. 1996ರ ಹೊತ್ತಿಗೆ ಮೈಕ್ರೋಸಾಫ್ಟ್‌ನಲ್ಲಿ ರೂಪುಗೊಂಡ ಪಿಪಿಟಿಪಿ, ಹೊರಗಿದ್ದ ನೌಕರ ಕಚೇರಿಯ ಕಂಪ್ಯೂಟರ್ ಜಾಲದೊಳಗೆ ಬರಲು ಮಾಡಿದ ಸುರಂಗ. 2001ರಲ್ಲಿ ಓಪನ್‌ವಿಪಿಎನ್ ಎಂಬ ತಂತ್ರಾಂಶ ಬರೆದ ಜೇಮ್ಸ್ ಯೋನನ್ ಮಧ್ಯ ಏಷ್ಯಾದಲ್ಲಿ ತಿರುಗಾಡುತ್ತಿದ್ದಾಗ, ಗುರುತಿಲ್ಲದ ಜಾಲಗಳ ಮೂಲಕ ತನ್ನ ಕೆಲಸದ ಮಾಹಿತಿ ಹೋಗುತ್ತಿದೆಯಲ್ಲ ಎಂಬ ಆತಂಕದಿಂದ ಅದಕ್ಕೆ ಕೈಹಾಕಿದವರು. ಮಾತು ಕದ್ದು ಕೇಳದಂತೆ ಕಾಯುವುದು ಅದರ ಕೆಲಸ, ಆ ಕೆಲಸವನ್ನು ಇವತ್ತಿಗೂ ಚೆನ್ನಾಗಿಯೇ ಮಾಡುತ್ತದೆ. ಕೂತ ದೇಶವನ್ನು ಮರೆಸುವುದು ಅದರ ಪಕ್ಕದ ಪರಿಣಾಮ ಮಾತ್ರ. ಜಾಹೀರಾತುಗಳು ಮಾರುವುದು ಆ ಪಕ್ಕದ ಪರಿಣಾಮವನ್ನೇ.

ದೇಶವಾರು ಬೀಗವೂ ಹೊಸದಲ್ಲ. ಡಿವಿಡಿ ಬಂದಾಗಲೇ ಲೋಕವನ್ನು ವಲಯಗಳಾಗಿ ಹಂಚಿದ್ದರು: ಭಾರತ 5ನೆಯ ವಲಯ, ಕೊಲ್ಲಿ ರಾಷ್ಟ್ರಗಳು 2ನೆಯದು. ಹಪ್ಪಳ, ಉಪ್ಪಿನಕಾಯಿಯ ನಡುವೆ ತುರುಕಿ ಒಯ್ದ ಡಿವಿಡಿಗೆ ಬೀಗವಿದ್ದರೆ ಅಲ್ಲಿನ ಪ್ಲೇಯರ್ ಅದನ್ನು ಓದುತ್ತಿರಲಿಲ್ಲ. ಬೀಗದ ಹಿಂದಿರುವುದು ಹಕ್ಕಿನ ಮಾರಾಟ. ಒಂದು ಕೃತಿಯನ್ನು ಭಾರತಕ್ಕೆ ಒಬ್ಬರಿಗೆ, ಕೊಲ್ಲಿಗೆ ಇನ್ನೊಬ್ಬರಿಗೆ, ಅಮೆರಿಕಕ್ಕೆ ಮತ್ತೊಬ್ಬರಿಗೆ ಮಾರುತ್ತಾರೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕುಗಳು ಒಟ್ಟು 48,390 ಕೋಟಿ ರೂಪಾಯಿಗೆ ಹೋದಾಗ, ಭಾರತ ಉಪಖಂಡದ ಟಿವಿ ಒಬ್ಬರ ಪಾಲಾಯಿತು, ಡಿಜಿಟಲ್ ಇನ್ನೊಬ್ಬರ ಪಾಲಾಯಿತು, ಮಧ್ಯಪ್ರಾಚ್ಯ ಮತ್ತು ಅಮೆರಿಕದ ಹಕ್ಕು ಮೂರನೆಯವರಿಗೆ ಸಿಕ್ಕಿತು. ಕ್ರಿಕೆಟ್‌ಗಾದರೆ ಎಲ್ಲ ಕಡೆಯೂ ಕೊಳ್ಳುವವರಿದ್ದಾರೆ. ಒಂದು ಕನ್ನಡ ಸೀರಿಯಲ್ಲಿಗೋ ಸಣ್ಣ ಕನ್ನಡ ಚಿತ್ರಕ್ಕೋ ಕೊಲ್ಲಿಯಲ್ಲಿ ಕೊಳ್ಳುವವರು ಸಿಗದಿದ್ದರೆ, ಅದು ಅಲ್ಲಿ ಯಾರ ಬಳಿಯೂ ಇರುವುದಿಲ್ಲ. ಕನ್ನಡದವರಿಗೆ ಪೆಟ್ಟು ಬೀಳುವುದು ಇಲ್ಲಿ.

ನೀವು ಎಲ್ಲಿದ್ದೀರಿ ಎಂದು ಆ್ಯಪಿಗೆ ಮೊದಲು ತಿಳಿಯುವುದು ಐಪಿ ವಿಳಾಸ ಎಂಬ ಸಂಖ್ಯೆಯಿಂದ. ನಮ್ಮ ಕಡೆಗೆ ಈ ಸಂಖ್ಯೆಗಳನ್ನು ಹಂಚುವುದು ಎಪಿನಿಕ್ ಎಂಬ ಸಂಸ್ಥೆ, ಕೊಲ್ಲಿಗೆ ಹಂಚುವುದು ರೈಪ್ ಎಂಬ ಇನ್ನೊಂದು ಸಂಸ್ಥೆ. ಯಾವ ಸಂಖ್ಯೆ ಯಾವ ಊರಿನಲ್ಲಿದೆ ಎಂಬುದಕ್ಕೆ ಖಾಸಗಿ ಕಂಪನಿಗಳು ಪಟ್ಟಿ ಇಟ್ಟು ಮಾರುತ್ತವೆ. ಪಟ್ಟಿ ಎಂದರೆ ಬಹುಪಾಲು ಅಂದಾಜು. ಅಮೆರಿಕದಲ್ಲಿದೆ ಎಂದಷ್ಟೇ ಗೊತ್ತಿದ್ದ 60 ಕೋಟಿಗೂ ಹೆಚ್ಚು ವಿಳಾಸಗಳನ್ನು ಇಂಥ ಒಂದು ಪಟ್ಟಿ ಆ ದೇಶದ ನಟ್ಟನಡುವಿನ ಕಾನ್ಸಾಸ್‌ನ ಒಂದು ತೋಟದ ಮನೆಗೆ ಕಟ್ಟಿತ್ತು. ಎಲ್ಲಿಯೋ ಆದ ಮೋಸಕ್ಕೆ ಪೊಲೀಸರು ಆ ಮನೆಯವರ ಬಾಗಿಲು ತಟ್ಟುತ್ತಿದ್ದರು. 2016ರಲ್ಲಿ ಇದು ಬೆಳಕಿಗೆ ಬಂತು. ಅಷ್ಟು ದೂರ ಏಕೆ, ವರ್ಕಾಡಿಯ ನಮ್ಮ ಮನೆಯ ಮೇಜಿನ ಮೇಲೆ ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಕೇರಳದ ಸಿಮ್ ಹಾಕಿದ್ದು ಕೊಚ್ಚಿ ಎಂದಿತು, ಕರ್ನಾಟಕದ್ದು ಬೆಂಗಳೂರು ಎಂದಿತು. ಎರಡರ ನಡುವೆ ಒಂದು ಚಹಾದ ಲೋಟ ಇತ್ತು, ಅಷ್ಟೇ ದೂರ.

ಬಿಗಿ ಶುರುವಾದದ್ದು 2016ರಲ್ಲಿ. ಆ ಜನವರಿ 6ರಂದು ನೆಟ್‌ಫ್ಲಿಕ್ಸ್ ಭಾರತವೂ ಸೇರಿ 130 ದೇಶಗಳಿಗೆ ಕಾಲಿಟ್ಟಿತು. ಎಂಟೇ ದಿನದಲ್ಲಿ, ದೇಶ ಬದಲಿಸಿ ತೋರಿಸುವ ಸಾಧನಗಳನ್ನು ತಡೆಯುತ್ತೇವೆ ಎಂದು ಘೋಷಿಸಿತು. ಅಮೆರಿಕದ ಹುಲು, ಬ್ರಿಟನ್ನಿನ ಬಿಬಿಸಿಯಂಥವರು ಅದಕ್ಕೂ ಮೊದಲೇ ಆ ಕೆಲಸ ಆರಂಭಿಸಿದ್ದರು. ತಡೆಯುವ ಕ್ರಮ ಸರಳ. ಮನೆಯಲ್ಲಿ ಕೂತು ಸೀರಿಯಲ್ ನೋಡುವವರ ಐಪಿ ಯಾವುದೋ ಮೊಬೈಲ್ ಅಥವಾ ಬ್ರಾಡ್‌ಬ್ಯಾಂಡ್ ಕಂಪನಿಯದಾಗಿರುತ್ತದೆ. ವಿಪಿಎನ್‌ಗಳದು ಬಾಡಿಗೆ ಡೇಟಾ ಸೆಂಟರಿನದು, ಅಂದರೆ ಕಂಪ್ಯೂಟರುಗಳನ್ನೇ ತುಂಬಿಟ್ಟ ಕಟ್ಟಡದ್ದು. ಡೇಟಾ ಸೆಂಟರಿನಲ್ಲಿ ಯಾರೂ ಮಂಚ ಹಾಕಿ ಮಲಗುವುದಿಲ್ಲ, ಹಾಗಾಗಿ ಆ ಸಂಖ್ಯೆಗಳನ್ನು ಸಾರಾಸಗಟಾಗಿ ಹೊರಗಿಟ್ಟರೆ ಆಯಿತು. ಒಂದೇ ವಿಳಾಸದಿಂದ ಸಾವಿರಾರು ಚಂದಾದಾರರು ಒಳಬಂದರೂ ಅನುಮಾನ. ವಿಪಿಎನ್‌ನವರು ಹೊಸ ವಿಳಾಸ ತರುತ್ತಾರೆ, ಕೆಲವು ವಾರದಲ್ಲಿ ಅದೂ ಪಟ್ಟಿ ಸೇರುತ್ತದೆ. ಅಳಿಯನ ಮೂರು ವಾರದ ಲೆಕ್ಕ ಇದೇ. ಮನೆಗಳಿಗೆ ಸೇರಿದ ವಿಳಾಸಗಳನ್ನೇ ಬಳಸುವ ಜಾಡನ್ನು 2021ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್ ಮುಚ್ಚಹೊರಟಾಗ, ವಿಪಿಎನ್ ಮುಟ್ಟದ ಸಾಮಾನ್ಯ ಚಂದಾದಾರರೂ ಸಿಕ್ಕಿಬಿದ್ದು ದೂರಿದರು.

ವಿಳಾಸ ಸರಿಯಿದ್ದರೂ ಗುಟ್ಟು ಬೇರೆ ಕಡೆಯಿಂದ ಸೋರುತ್ತದೆ. ಜಾಲತಾಣದ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ವಿಚಾರಣೆ ಸುರಂಗ ಬಿಟ್ಟು ಸ್ಥಳೀಯ ಕಂಪನಿಗೆ ಹೋಗಬಹುದು. ಹಳೆಯ ಮಾದರಿಯ ವಿಳಾಸ ಮಾತ್ರ ಸುರಂಗದಲ್ಲಿ ಹೋಗಿ, ಐಪಿವಿ6 ಎಂಬ ಹೊಸ ಮಾದರಿಯದು ಹೊರಗೆ ಉಳಿಯಬಹುದು. ಫೋನಿನ ಜಿಪಿಎಸ್ ಇದೆ, ಸಿಮ್ಮಿನ ದೇಶಸಂಖ್ಯೆ ಇದೆ. ಭಾರತದ್ದಾದರೆ 404 ಅಥವಾ 405, ಯುಎಇಯದಾದರೆ 424. ಆ್ಯಪ್ ಸ್ಟೋರ್ ಖಾತೆ ಯಾವ ದೇಶದ್ದು, ದುಡ್ಡು ಕಟ್ಟಿದ ಕಾರ್ಡ್ ಎಲ್ಲಿಯದು ಎಂಬುದೂ ಆ್ಯಪಿಗೆ ಕಾಣುತ್ತದೆ. ವಿಪಿಎನ್ ಬದಲಿಸುವುದು ಇವುಗಳಲ್ಲಿ ಒಂದನ್ನು ಮಾತ್ರ.

ಭಾರತದ ವಿಳಾಸವೇ ಬೇಕಾದವರಿಗೆ 2022 ಇನ್ನಷ್ಟು ಕಷ್ಟ ತಂದಿತು. ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ಮುಂತಾದ ವಿವರಗಳನ್ನು ಕನಿಷ್ಠ 5 ವರ್ಷ ಇಡಬೇಕಾಯಿತು. ಸೈಬರ್ ಅಪರಾಧದ ತನಿಖೆಗೆ ಇದು ಬೇಕು ಎಂಬುದು ಸರ್ಕಾರದ ವಾದ, ಗ್ರಾಹಕರ ಜಾಡು ದಾಖಲಿಸದಿರುವುದೇ ನಮ್ಮ ವ್ಯಾಪಾರ ಎಂಬುದು ಅವರ ವಾದ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ತೆಗೆದವು. ಎಕ್ಸ್‌ಪ್ರೆಸ್‌ವಿಪಿಎನ್ ತನ್ನ ‘ಇಂಡಿಯಾ’ ಸೇವೆಯನ್ನು ಸಿಂಗಾಪುರ ಮತ್ತು ಬ್ರಿಟನ್‌ನಿಂದ ನಡೆಸತೊಡಗಿತು. ಹೆಸರು ಭಾರತದ್ದು, ಯಂತ್ರ ಸಿಂಗಾಪುರದ್ದು. ಕೆಲವು ಪಟ್ಟಿಗಳು ಹೆಸರನ್ನು ನಂಬುತ್ತವೆ, ಕೆಲವು ನಂಬುವುದಿಲ್ಲ. ಇವತ್ತು ನಡೆದದ್ದು ನಾಳೆ ನಡೆಯದಿರಲು ಇಷ್ಟೇ ಸಾಕು.

ಕಾನೂನಿನ ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಅಳಿಯನ ಫೋನಿಗೆ ಅದನ್ನು ಹಾಕಿಕೊಡುವಾಗ ನನಗೆ ಇದು ಗೊತ್ತಿರಲಿಲ್ಲ. ಯುಎಇಯಲ್ಲಿ ವಿಪಿಎನ್ ಇಟ್ಟುಕೊಳ್ಳುವುದೇ ಅಪರಾಧವಲ್ಲ, ಕಂಪನಿಗಳು, ಬ್ಯಾಂಕುಗಳು ಬಳಸುತ್ತವೆ. ಆದರೆ ಐಪಿ ವಿಳಾಸ ಮರೆಸಿ ಅಪರಾಧ ಮಾಡಿದರೆ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್, ಜೈಲೂ ಆಗಬಹುದು. ವಾಟ್ಸ್ಆ್ಯಪ್ ಕರೆಗೆ ಅಲ್ಲಿ ತಡೆಯಿರುವ ಕಾರಣ ಎಷ್ಟೋ ಮಂದಿ ಊರಿನವರೊಡನೆ ಮಾತಾಡಲೆಂದೇ ವಿಪಿಎನ್ ಇಟ್ಟುಕೊಂಡಿರುತ್ತಾರೆ. ಹೊಟ್ಟೆಪಾಡಿಗೆ ಹೋದ ಹುಡುಗರು ಸೀರಿಯಲ್ಲಿಗಾಗಿ ಅಂಥ ಗೆರೆಯ ಹತ್ತಿರ ನಿಲ್ಲಬೇಕಾಗಿ ಬಂದಿರುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಪೆಟ್ಟು ನಾನು ಊಹಿಸದ ಕಡೆಯಿಂದ ಬಂತು. ಒಂದು ರಾತ್ರಿ ವಿಪಿಎನ್ ಆನ್ ಇರುವಾಗಲೇ ಅಳಿಯ ಊರಿನ ಬ್ಯಾಂಕಿನ ಆ್ಯಪ್ ತೆರೆದ. ಹತ್ತು ನಿಮಿಷದ ಹಿಂದೆ ಶಾರ್ಜಾದಿಂದ ಒಳಬಂದವನು ಈಗ ಸಿಂಗಾಪುರದಿಂದ ಬರುತ್ತಿದ್ದಾನೆ ಎಂದು ಬ್ಯಾಂಕಿಗೆ ಕಂಡಿತು, ಖಾತೆಗೆ ಬೀಗ ಬಿತ್ತು. ಕಳ್ಳರನ್ನು ತಡೆಯಲು ಇರುವ ಏರ್ಪಾಡು ಅದು, ತಪ್ಪೆನ್ನಲಾಗದು. ಆದರೆ ತಿಂಗಳ ಕೊನೆ. ತಂಗಿಯ ಕಾಲೇಜು ಫೀಸು ಆ ಖಾತೆಯಿಂದಲೇ ಹೋಗಬೇಕಿತ್ತು. ಅಕ್ಕ ಪಾಸ್‌ಬುಕ್ ಹಿಡಿದು ಉಪ್ಪಳದ ಶಾಖೆಗೆ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದಳು. ಖಾತೆದಾರನೇ ಬರಬೇಕು ಎಂದರು. ಕೊನೆಗೆ ಬಿಡಿಸಲು ಒಂಬತ್ತು ದಿನ ಹಿಡಿಯಿತು.

ಯುರೋಪ್ ಒಕ್ಕೂಟದಲ್ಲಿ ಇದಕ್ಕೆ ನಿಯಮವೇ ಇದೆ. 2018ರ ಏಪ್ರಿಲ್ 1ರಿಂದ, ತನ್ನ ದೇಶದಲ್ಲಿ ದುಡ್ಡು ಕಟ್ಟಿದ ಚಂದಾದಾರ ಒಕ್ಕೂಟದ ಇನ್ನೊಂದು ದೇಶಕ್ಕೆ ತಾತ್ಕಾಲಿಕವಾಗಿ ಹೋದಾಗ ಮನೆಯಲ್ಲಿ ಕಾಣುತ್ತಿದ್ದುದೆಲ್ಲ ಅಲ್ಲಿಯೂ ಕಾಣಬೇಕು, ಹೆಚ್ಚಿನ ದುಡ್ಡು ಕೇಳುವಂತಿಲ್ಲ. ಹಕ್ಕಿನ ಮಾರಾಟ ಅದರಿಂದ ನಿಂತುಹೋಗಲಿಲ್ಲ. ಭಾರತ ಮತ್ತು ಕೊಲ್ಲಿಯ ನಡುವೆ ಅಂಥ ಏರ್ಪಾಡು ಇಲ್ಲ. ಕೂಲಿಗೆ, ಅಂಗಡಿ ಕೆಲಸಕ್ಕೆ ಇಷ್ಟು ಜನ ಹೋಗಿಬರುವ ಈ ದಾರಿಗೆ ಅದು ಬೇಕು.

ಸದ್ಯಕ್ಕೆ ನೆಚ್ಚಬಹುದಾದದ್ದು ಒಂದಿದೆ. ಭಾರತದ ಸಿಮ್ ಹೊರದೇಶದಲ್ಲಿ ರೋಮಿಂಗ್ ಆದಾಗ ಅದರ ಡೇಟಾ ಸಾಮಾನ್ಯವಾಗಿ ಊರಿನ ಕಂಪನಿಯ ಜಾಲಕ್ಕೇ ಮರಳಿ ಬಂದು ಅಲ್ಲಿಂದ ಇಂಟರ್ನೆಟ್ಟಿಗೆ ಹೋಗುತ್ತದೆ. ಹಾಗಾಗಿ ಆ್ಯಪಿಗೆ ಕಾಣುವ ವಿಳಾಸ ಭಾರತದ್ದೇ, ಅದೂ ಡೇಟಾ ಸೆಂಟರಿನದಲ್ಲ, ಮೊಬೈಲ್ ಕಂಪನಿಯದು. ಪ್ರವಾಸಿಗರಿಗೆಂದು ಮಾರುವ ಇ-ಸಿಮ್‌ಗಳಿಗೆ ಈ ಗುಣವಿಲ್ಲ, ಅವುಗಳ ದಾರಿ ಇನ್ಯಾವುದೋ ದೇಶದ ಮೂಲಕ ಹೋಗಬಹುದು. ರೋಮಿಂಗ್ ದುಬಾರಿ ಎಂಬುದೊಂದೇ ತೊಡಕು. ಅಳಿಯ ವಿಪಿಎನ್ ತೆಗೆದುಹಾಕಿ ಊರಿನ ಸಿಮ್ಮಿಗೆ ಸಣ್ಣ ಪ್ಯಾಕ್ ಹಾಕಿಸಿಕೊಂಡಿದ್ದಾನೆ. ವಾರಕ್ಕೊಂದು ಕಂತು, ಕಡಿಮೆ ಗುಣಮಟ್ಟದ ಚಿತ್ರದಲ್ಲಿ. ಉಳಿದ ಐದು ದಿನದ ಕಥೆಯನ್ನು ಅಕ್ಕ ಫೋನಿನಲ್ಲಿ ಹೇಳುತ್ತಾಳೆ.